ಕುಲವಿಲ್ಲದ ಚೆಲುವೆ

ಬೆಕ್ಕು ಸಾಕಿದ ಮನೆಯಲ್ಲಿ ಯಜಮಾನರು ಯಾರು ಎಂಬ ಪ್ರಶ್ನೆಗೆ ಕಂದಾಯದ ರಸೀದಿ ಕೊಡುವ ಉತ್ತರ ಒಂದು, ಜಗುಲಿ ಕೊಡುವ ಉತ್ತರ ಇನ್ನೊಂದು. ಮಧುಗಿರಿಯ ಬೆಟ್ಟದ ಬುಡದಲ್ಲಿ, ಹೆಂಚು ಹೊದಿಸಿದ ಹಳೆಯ ಮನೆಯೊಂದರಲ್ಲಿ, ನಿವೃತ್ತ ಮೇಷ್ಟರೊಬ್ಬರು ರಸೀದಿಯ ಪ್ರಕಾರ ಯಜಮಾನರು. ಆದರೆ ಬೆಳಗಿನ ಎಳೆಬಿಸಿಲು ಜಗುಲಿಯ ಮೇಲೆ ಮೊದಲು ಬೀಳುವ ಜಾಗ ಅವರದಲ್ಲ. ಅಲ್ಲಿ ಅವರು ಕುರ್ಚಿ ಹಾಕಿಕೊಂಡು ಕುಳಿತರೆ, ಸದ್ದಿಲ್ಲದೆ ಒಂದು ಜೀವ ಬಂದು ಎದುರಿಗೆ ನಿಂತು ಅವರನ್ನು ದಿಟ್ಟಿಸುತ್ತದೆ. ಕೂಗುವುದಿಲ್ಲ, ಪರಚುವುದಿಲ್ಲ, ಸುಮ್ಮನೆ ನೋಡುತ್ತದೆ. ಮೇಷ್ಟರು ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ. ಮೂವತ್ತೈದು ವರ್ಷ ತರಗತಿಯನ್ನು ಬರಿಯ ನೋಟದಿಂದ ಆಳಿದವರು ಅವರು. ನೋಟದಿಂದ ಆಳಿಸಿಕೊಳ್ಳುವುದು ಹೇಗಿರುತ್ತದೆಂಬುದು ಅವರಿಗೆ ನಿವೃತ್ತಿಯ ಅನಂತರ ತಿಳಿಯಿತು.

ಆ ಜೀವಕ್ಕೆ ಹೆಸರಿಲ್ಲ. ಮನೆಯ ಅಜ್ಜಿ ಅದನ್ನು ಕೊತ್ತಿ ಎಂದೇ ಕರೆಯುತ್ತಾರೆ. "ಕೊತ್ತಿನ ಕೊತ್ತಿ ಅನ್ನದೆ ಇನ್ನೇನು ಅಂತಾರೆ?" ಎಂಬುದು ಅವರ ವಾದ. ಬಿಳಿಯ ಮೈ; ಬೆನ್ನಿನ ಮೇಲೆ ಕಾಡಿಗೆ ಚೆಲ್ಲಿದಂತೆ ಕಪ್ಪು ಮಚ್ಚೆ; ಅದರ ಪಕ್ಕದಲ್ಲಿ ಹೊಸ ಹುಣಿಸೆಹಣ್ಣಿನ ಬಣ್ಣದ ಕೆಂಚು. ಬಲಗಣ್ಣಿನ ಸುತ್ತ ಕಪ್ಪು, ಎಡಗಣ್ಣಿನ ಮೇಲೆ ಕೆಂಚು, ನಡುವೆ ಹಣೆಯಿಂದ ಮೂಗಿನ ತುದಿಯವರೆಗೆ ನಾಮ ಎಳೆದಂತೆ ಒಂದು ಬಿಳಿಯ ಗೆರೆ. ಅದರ ತಾಯಿ ಯಾರೆಂಬುದು ಬೀದಿಗೆಲ್ಲ ಗೊತ್ತು. ತಂದೆ ಯಾರೆಂಬುದು ಬೆಟ್ಟಕ್ಕೂ ಗೊತ್ತಿರಲಾರದು. ಒಂದೇ ಬಂಡೆಯಾಗಿ ಎದ್ದು ನಿಂತು, ಸಮುದ್ರಮಟ್ಟದಿಂದ 3,900 ಅಡಿಗೂ ಮಿಕ್ಕಿದ ಎತ್ತರದಲ್ಲಿ ತಲೆಯೆತ್ತಿರುವ ಆ ಬೆಟ್ಟವನ್ನು ಏರಿ ಕೋಟೆ ನೋಡಲು ದೂರದೂರದಿಂದ ಜನ ಬರುತ್ತಾರೆ. ದಾರಿಯಲ್ಲಿರುವ ಈ ಜಗುಲಿಯತ್ತ ಯಾರೂ ತಿರುಗಿ ನೋಡುವುದಿಲ್ಲ. ಕೊತ್ತಿಯೂ ಅವರನ್ನು ನೋಡುವುದಿಲ್ಲ. ಲೆಕ್ಕ ಸರಿಹೋಗುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ—ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ಬೆಕ್ಕು ಮನೆಯನ್ನು ಹೊಕ್ಕದ್ದು ತನ್ನ ರೂಪಿನ ಬಲದಿಂದಲ್ಲ. ಇದು ರಾಗಿ, ಕಡಲೆಕಾಯಿಗಳ ನಾಡು. ಕಣಜ ತುಂಬಿದ ಮನೆಗೆ ಇಲಿ ಬರುತ್ತದೆ. ಇಲಿ ಬಂದ ಮನೆಗೆ ಬೆಕ್ಕು ಬರುತ್ತದೆ. ಜಗತ್ತಿನಲ್ಲೆಲ್ಲ ನಡೆದ ಕಥೆಯೂ ಇದೇ. ಮನೆಯ ಬೆಕ್ಕುಗಳೆಲ್ಲವೂ ಪಶ್ಚಿಮ ಏಷ್ಯದ ಕಾಡುಬೆಕ್ಕಿನ ಸಂತತಿಯೆಂದು 2007ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನವೊಂದು ತೋರಿಸಿತು. ಅಲ್ಲಿನ ಜನ ಬೇಸಾಯ ಕಲಿತು ಕಾಳು ಕೂಡಿಟ್ಟಾಗ, ಈ ಪ್ರಾಣಿ ತಾನಾಗಿ ಊರ ಅಂಚಿಗೆ ಬಂದು ನಿಂತಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯದಾದ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂಳಿದ್ದು 2004ರಲ್ಲಿ ಪ್ರಕಟವಾಯಿತು. ಕರೆಯದೆ ಬಂದ ನೆಂಟನನ್ನು ಮನುಷ್ಯ ಅಷ್ಟು ಹಿಂದೆಯೇ ಹಚ್ಚಿಕೊಂಡಿದ್ದನೆಂದಾಯಿತು.

ಇಷ್ಟು ಹಳೆಯ ನೆಂಟಸ್ತನದಲ್ಲಿ ಕುಲಗೋತ್ರದ ಮಾತು ಬಂದದ್ದು ತೀರ ಈಚೆಗೆ. ಮಧುಗಿರಿಯ ಆ ಮನೆಗೆ ಅದು ಬಂದದ್ದು ಬೇಸಗೆಯ ರಜೆಯಲ್ಲಿ, ಮೊಮ್ಮಗಳೊಡನೆ.

ಹುಡುಗಿ ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ, ಬಾಡಿಗೆಯ ಕಾರಿನಲ್ಲಿ ತಾಯಿಯೊಡನೆ ಬೆಂಗಳೂರಿನಿಂದ ಹೊರಟಿದ್ದಳು. ಅವಳ ತೊಡೆಯ ಮೇಲೆ, ಜಾಲರಿಯ ಬಾಗಿಲಿದ್ದ ಪ್ಲಾಸ್ಟಿಕ್ ಬುಟ್ಟಿಯೊಳಗೆ, ಒಂದು ಬಿಳಿಯ ಪರ್ಷಿಯನ್ ಬೆಕ್ಕು. ದಾಬಸ್‌ಪೇಟೆ ದಾಟಿ ಕೊರಟಗೆರೆಯ ಹತ್ತಿರ ಬರುವಾಗ ರಸ್ತೆಗೆ ಅಡ್ಡವಾಗಿ ಬೇರೊಂದು ಬೆಕ್ಕು ಓಡಿತು. ಚಾಲಕ ಥಟ್ಟನೆ ಕಾರು ನಿಲ್ಲಿಸಿ, ಇನ್ನೊಂದು ವಾಹನ ಮುಂದೆ ಹೋಗಲೆಂದು ಐದು ನಿಮಿಷ ಕಾದನು. ಅಡ್ಡ ಬಂದ ಬೆಕ್ಕಿಗೆ ಅಷ್ಟು ಅಂಜಿದವನು, ಎಪ್ಪತ್ತು ಕಿಲೋಮೀಟರಿನಷ್ಟು ದೂರದಿಂದ ಬೆನ್ನ ಹಿಂದೆಯೇ ಕುಳಿತು ಬರುತ್ತಿದ್ದ ಬೆಕ್ಕಿಗೆ ಅಂಜಲಿಲ್ಲ. ಶಕುನಕ್ಕೂ ಒಂದು ದರ್ಜೆ ಇರಬೇಕು. ದುಡ್ಡು ಕೊಟ್ಟು ತಂದದ್ದು ಅಪಶಕುನವಾಗಲಾರದು. ಇದೇ ಕರ್ನಾಟಕದ ಮಂಡ್ಯ ಜಿಲ್ಲೆಯಲ್ಲಿ, ಮದ್ದೂರು ತಾಲ್ಲೂಕಿನ ಬೆಕ್ಕಳಲೆಯಲ್ಲಿ, ಬೆಕ್ಕನ್ನು ಮಂಗಮ್ಮ ದೇವಿಯ ರೂಪವೆಂದು ಗುಡಿ ಕಟ್ಟಿ ಪೂಜಿಸುತ್ತಾರೆ. ಚಾಲಕ ಆ ಊರಿನವನಾಗಿದ್ದರೆ ಕಾರು ನಿಲ್ಲಿಸಿ ಕೈಮುಗಿಯುತ್ತಿದ್ದನೋ ಏನೋ.

ಬುಟ್ಟಿಯ ಬಾಗಿಲು ತೆರೆದಾಗ ಮಧುಗಿರಿಯ ಬೀದಿಗೆ ಬೀದಿಯೇ ಬಂದು ನೋಡಿತು. ನೋಡತಕ್ಕದ್ದೂ ಆಗಿತ್ತು. ಆಗತಾನೆ ಬಿಡಿಸಿದ ಹತ್ತಿಯಂಥ ಕೂದಲು ನೆಲ ಮುಟ್ಟುತ್ತಿತ್ತು. ಬಾಲವೆಂದರೆ ಚಾಮರ. ತಾಮ್ರದ ಬಟ್ಟಲಿನಂಥ ಎರಡು ದುಂಡು ಕಣ್ಣು; ಅವುಗಳ ನಡುವೆ, ಮೂಗೆಂಬುದೊಂದು ಇದೆಯೋ ಇಲ್ಲವೋ ಎನ್ನುವಷ್ಟು ಚಪ್ಪಟೆಯಾದ ಮುಖ. ಅದು ನಡೆದುಬಂದರೆ ಬೆಕ್ಕು ನಡೆದಂತೆ ಕಾಣುತ್ತಿರಲಿಲ್ಲ. ದಿಂಬೊಂದು ಜರುಗಿದಂತೆ ಕಾಣುತ್ತಿತ್ತು. ಹುಡುಗಿ ಅದಕ್ಕೆ ಸ್ನೋಯಿ ಎಂದು ಹೆಸರಿಟ್ಟಿದ್ದಳು. ಅಜ್ಜಿಯ ಬಾಯಲ್ಲಿ ಅದು ಮೊದಲ ದಿನ ಸಣ್ಣೋಯಿ ಆಗಿ, ಮೂರನೆಯ ದಿನಕ್ಕೆ ಸಣ್ಣಮ್ಮ ಆಯಿತು. ಕೊತ್ತಿ ಮಾತ್ರ ಹೆಂಚಿನ ಮೇಲೆ ಕುಳಿತು, ಅಷ್ಟೂ ಸಡಗರವನ್ನು ಮೇಲಿನಿಂದ ನೋಡಿ, ತನ್ನ ಮುಂಗಾಲನ್ನು ನೆಕ್ಕಿಕೊಳ್ಳತೊಡಗಿತು.

"ತಾತ, ಇದು ಪ್ಯೂರ್ ಬ್ರೀಡ್. ಇದರ ಅಪ್ಪ, ಅಮ್ಮ, ತಾತ ಎಲ್ಲರ ಹೆಸರೂ ಕಾಗದದಲ್ಲಿದೆ" ಎಂದಳು ಹುಡುಗಿ.

"ಹಾಗಾದರೆ ನಮಗಿಂತ ವಾಸಿ. ನನ್ನ ಮುತ್ತಾತನ ಹೆಸರು ನನಗೇ ಗೊತ್ತಿಲ್ಲವಲ್ಲೇ ಪುಟ್ಟಿ" ಎಂದರು ಮೇಷ್ಟರು.

ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ಚಾಪೆ ಹಾಸಿಕೊಂಡು, ಹುಡುಗಿ ಮೊಬೈಲಿನಲ್ಲಿ ಬೆಕ್ಕುಗಳ ಚಿತ್ರ ತೋರಿಸಿ ತಾತನಿಗೆ ಪಾಠ ಹೇಳಿದಳು. ಸಯಾಮಿನ ಬೆಕ್ಕು: ಗಂಧದ ಬಣ್ಣದ ತೆಳ್ಳನೆಯ ಮೈ, ಮುಖ, ಕಿವಿ, ಕಾಲು, ಬಾಲಗಳಿಗೆ ಮಾತ್ರ ಮಸಿ ಬಳಿದಂತೆ ಕಪ್ಪು. ಅದರ ಮೈಯ ಬಣ್ಣದ ದ್ರವ್ಯ ಶಾಖವಿದ್ದಲ್ಲಿ ಕೆಲಸ ಮಾಡುವುದಿಲ್ಲ, ತಂಪಿದ್ದಲ್ಲಿ ಮಾಡುತ್ತದೆ. ಆದ್ದರಿಂದಲೇ ತಾಯಿಯ ಗರ್ಭದ ಬಿಸಿಯಿಂದ ಹೊರಬಂದ ಮರಿ ಬೆಳ್ಳಗಿರುತ್ತದೆ. ಮೈಯ ತುದಿಗಳು ತಣ್ಣಗಾದಂತೆಲ್ಲ ಕಪ್ಪು ಮೂಡುತ್ತದೆ. ಅಮೆರಿಕದ ಮೇಯ್ನ್ ಸಂಸ್ಥಾನದ ಮೇಯ್ನ್ ಕೂನ್: ಹಿಮದ ಸೀಮೆಯಲ್ಲಿ ಬೆಳೆದ, ಆರೇಳು ಕಿಲೋ ತೂಗುವ ದೈತ್ಯ, ಕಿವಿಯ ತುದಿಯಲ್ಲಿ ಕುಚ್ಚು, ಮಲಗಿದಾಗ ಸುತ್ತಿಕೊಳ್ಳಲು ಕಂಬಳಿಯಂಥ ಬಾಲ. ಅದನ್ನು 1985ರಲ್ಲಿ ಆ ಸಂಸ್ಥಾನವು ತನ್ನ ಅಧಿಕೃತ ಬೆಕ್ಕೆಂದು ಸಾರಿತು. ಅಬಿಸೀನಿಯನ್: ಒಂದೊಂದು ಕೂದಲಿಗೂ ಎರಡು ಮೂರು ಬಣ್ಣದ ಪಟ್ಟೆಯಿದ್ದು, ಒಟ್ಟು ಮೈ ಮೊಲದ ಮೈಯಂತೆ ಹೊಳೆಯುತ್ತದೆ. ಹೆಸರಿನಲ್ಲಿ ಆಫ್ರಿಕವಿದ್ದರೂ, ಅದರ ಮೂಲ ಹಿಂದೂ ಮಹಾಸಾಗರದ ಕರಾವಳಿಯ ಕಡೆಗಿದೆಯೆಂದು ಆನುವಂಶಿಕ ಅಧ್ಯಯನಗಳು ಬೆರಳು ತೋರುತ್ತವೆ.

ಮೇಷ್ಟರು ಒಂದೊಂದನ್ನೂ ಮನಸಾರೆ ಮೆಚ್ಚಿದರು. ಚೆಲುವನ್ನು ಕಂಡು ಜಿಪುಣತನ ಮಾಡುವ ಸ್ವಭಾವ ಅವರದಲ್ಲ. ಕೊನೆಗೆ ಹುಡುಗಿ ಇನ್ನೊಂದು ಚಿತ್ರ ತೆಗೆದಳು. ಕಿವಿಗಳು ಮುಂದಕ್ಕೆ ಮಡಿಚಿಕೊಂಡು, ತಲೆಗೆ ಟೋಪಿ ಹಾಕಿದಂತೆ ದುಂಡಗೆ ಕಾಣುವ ಬೂದುಬಣ್ಣದ ಮರಿ. ಸ್ಕಾಟಿಷ್ ಫೋಲ್ಡ್. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಅದನ್ನು ಕೊಡಿಸುವುದಾಗಿ ಅವಳ ತಂದೆ ಮಾತು ಕೊಟ್ಟು, ಮುಂಗಡವನ್ನೂ ಕಟ್ಟಿದ್ದರು. ಬೆಲೆ ಕೇಳಿದ ಮೇಷ್ಟರು ತಮ್ಮ ಪಿಂಚಣಿಯನ್ನು ಮನಸ್ಸಿನಲ್ಲೇ ಎರಡು ಸಲ ಎಣಿಸಿ ಸುಮ್ಮನಾದರು.

ಅಜ್ಜಿಗೆ ಈ ಪಾಠದಲ್ಲಿ ಆಸಕ್ತಿಯಿರಲಿಲ್ಲ. ಅವರು ಸಣ್ಣಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ದೀಪದ ಬೆಳಕಿನಲ್ಲಿ ನೋಡುತ್ತಿದ್ದರು. ಎರಡು ಕಣ್ಣುಗಳಿಂದಲೂ ನೀರು ಇಳಿದು, ಬಿಳಿಯ ಕೆನ್ನೆಯ ಮೇಲೆ ಕಂದು ಗೆರೆ ಬಿದ್ದಿತ್ತು.

"ಯಾಕೆ ಮಗ, ಇದು ಅಳ್ತಾ ಐತೆ?"

"ಅಳ್ತಾ ಇಲ್ಲ ಅಜ್ಜಿ. ಈ ಬ್ರೀಡೇ ಹಾಗೆ."

"ಉಸಿರೂ ಗೊರಗೊರ ಅಂತೈತಲ್ಲ."

"ಅದೂ ಹಾಗೇ ಅಜ್ಜಿ. ಮುದ್ದಾಗಿರುತ್ತೆ ಅಲ್ವಾ?"

ಅಜ್ಜಿ ಸೆರಗಿನ ತುದಿಯಿಂದ ಅದರ ಕಣ್ಣೊರೆಸಿದರು, ಮತ್ತೆ ಮಾತನಾಡಲಿಲ್ಲ.

ಆ ವಾರ ಶಿರಾದಲ್ಲಿ ನೆಂಟರ ಮದುವೆ. ಬೆಕ್ಕನ್ನು ಬಿಟ್ಟು ಬರಲು ಹುಡುಗಿ ಒಪ್ಪಲಿಲ್ಲವಾದ್ದರಿಂದ ಸಣ್ಣಮ್ಮನೂ ಬುಟ್ಟಿಯಲ್ಲಿ ಮದುವೆಗೆ ಹೋಯಿತು. ಧಾರೆಯಾದ ಮೇಲೆ, ಊಟದ ಪಂಕ್ತಿ ಏಳುವ ತನಕ ಹೊತ್ತು ಹೋಗಬೇಕಲ್ಲ, ಮೇಷ್ಟರು ಮೊಮ್ಮಗಳನ್ನು ಮಲ್ಲಿಕ್ ರಿಹಾನನ ಗೋರಿಗೆ ಕರೆದೊಯ್ದರು. 1651ರಲ್ಲಿ ಕಟ್ಟಿದ ಆ ಕಲ್ಲಿನ ಕಟ್ಟಡದ ನೆರಳು ತಂಪಾಗಿತ್ತು. 1687ರಲ್ಲಿ ಮೊಗಲರು ಶಿರಾವನ್ನು ಒಂದು ಸುಭಾದ ರಾಜಧಾನಿ ಮಾಡಿಕೊಂಡದ್ದು, ಇಲ್ಲಿಯ ಕಚೇರಿಯಲ್ಲಿ ಪಾರಸಿ ಭಾಷೆ ನಡೆದದ್ದು, ಜಮೀನು, ದರಖಾಸ್ತು, ಸರ್ಕಾರ ಎಂಬ ಪಾರಸಿ ಮಾತುಗಳು ಇಂದಿಗೂ ರೈತರ ಬಾಯಲ್ಲಿರುವುದು, ಎಲ್ಲವನ್ನೂ ಅವರು ಹೇಳಿದರು. ಹುಡುಗಿ ಆಕಳಿಸದೆ ಕೇಳಿದಳು. ಏಕೆಂದರೆ ಪಾರಸಿ ಎಂದರೆ ತನ್ನ ಬೆಕ್ಕಿನ ದೇಶವೆಂದು ಅವಳಿಗೆ ಹೊಳೆದಿತ್ತು.

"ನಿನ್ನ ಬೆಕ್ಕಿನ ಕಥೆಗೂ ಕನ್ನಡನಾಡಿಗೂ ಒಂದು ಎಳೆಯ ಸಂಬಂಧವುಂಟು" ಎಂದರು ಮೇಷ್ಟರು. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಪರ್ಷಿಯದಲ್ಲಿದ್ದಾಗ, 1620ರ ಸುಮಾರಿನಲ್ಲಿ, ಖೊರಾಸಾನಿನ ಕಡೆಯ ಉದ್ದಗೂದಲಿನ ಬೆಕ್ಕುಗಳನ್ನು ಕಂಡು ಬೆರಗಾಗಿ, ಅವುಗಳ ಅಂದವನ್ನು ಊರಿಗೆ ಬರೆದ ಕಾಗದದಲ್ಲಿ ವರ್ಣಿಸಿ, ಕೆಲವು ಜೋಡಿಗಳನ್ನು ರೋಮಿಗೆ ಒಯ್ಯುವ ಆಸೆಯನ್ನೂ ತೋಡಿಕೊಂಡನು. ಅದೇ ಮನುಷ್ಯ ಮುಂದೆ 1623ರಲ್ಲಿ ಪೋರ್ಚುಗೀಸರ ರಾಯಭಾರಿಯ ಜೊತೆಯಲ್ಲಿ ಇಕ್ಕೇರಿಗೆ ಬಂದು, ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು ಹೋದನು. ಕನ್ನಡನಾಡಿನ ಮಳೆ, ಕಾಡು, ಜಾತ್ರೆಗಳನ್ನು ನೋಡಿದ ಕಣ್ಣೇ ಆ ಬೆಕ್ಕುಗಳನ್ನೂ ಮೆಚ್ಚಿದ್ದು.

ಮಾತು ಇಲ್ಲಿಗೆ ಬಂದಾಗ ಮೇಷ್ಟರು ಹುಡುಗಿಯ ಮೊಬೈಲನ್ನು ಕೇಳಿ ತೆಗೆದುಕೊಂಡರು. ಹಳೆಯ ಕಾಲದವರು ಬರೆದ ಪರ್ಷಿಯನ್ ಬೆಕ್ಕಿನ ಚಿತ್ರಗಳನ್ನು ಹುಡುಕಿಸಿ, ಬುಟ್ಟಿಯೊಳಗಿದ್ದ ಸಣ್ಣಮ್ಮನ ಪಕ್ಕದಲ್ಲಿ ಹಿಡಿದರು. ಅದೇ ಕೂದಲು, ಅದೇ ಬಾಲ, ಅದೇ ಗಾಂಭೀರ್ಯ.

"ಇವಕ್ಕೆ ಮೂಗಿದೆಯಲ್ಲೇ ಪುಟ್ಟಿ" ಎಂದರು ಮೇಷ್ಟರು.

ಹುಡುಗಿ ನೋಡಿದಳು. ಹೌದು, ಇತ್ತು.

ಲಂಡನ್ನಿನ ಸ್ಫಟಿಕ ಮಂದಿರದಲ್ಲಿ 1871ರ ಜುಲೈ ತಿಂಗಳಿನಲ್ಲಿ ಹ್ಯಾರಿಸನ್ ವಿಯರ್ ಎಂಬ ಚಿತ್ರಕಾರ ಬೆಕ್ಕುಗಳ ಪ್ರದರ್ಶನವೊಂದನ್ನು ಏರ್ಪಡಿಸಿದನು. ಕಡೆಗಣಿಸಲ್ಪಟ್ಟ ಮನೆಬೆಕ್ಕಿನತ್ತ ಜನ ಅಕ್ಕರೆಯಿಂದ ನೋಡುವಂತಾಗಲಿ ಎಂಬುದು ಅವನ ಆಸೆ. ಅಕ್ಕರೆಯೇನೋ ಹುಟ್ಟಿತು, ಅದರ ಹಿಂದೆಯೇ ಬಹುಮಾನವೂ ಹುಟ್ಟಿತು. ಬಹುಮಾನ ಹುಟ್ಟಿದ ಮೇಲೆ ಲಕ್ಷಣಗಳ ಪಟ್ಟಿ ಹುಟ್ಟದಿರುತ್ತದೆಯೇ? ದುಂಡು ಮುಖ ಚೆಂದವೆಂದು ಇನ್ನಷ್ಟು ದುಂಡಗೆ, ಮೊಂಡು ಮೂಗು ಮುದ್ದೆಂದು ಇನ್ನಷ್ಟು ಮೊಂಡಗೆ, ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ ಹೋದರು. ಜನ ಮೆಚ್ಚಿದಂತೆ ಬೆಕ್ಕಿನ ತಲೆಬುರುಡೆ ಬದಲಾಯಿಸಿತು. ಅದರ ಬೆಲೆಯನ್ನು ತೆತ್ತವರು ಯಾರೆಂಬುದು ಶಿರಾದ ತಣ್ಣನೆಯ ನೆರಳಿನಲ್ಲಿ ತಿಳಿಯುವಂತಿರಲಿಲ್ಲ. ಅದಕ್ಕೆ ಪಾವಗಡಕ್ಕೆ ಹೋಗಬೇಕಾಯಿತು.

ಪಾವಗಡದಲ್ಲಿ ಹುಡುಗಿಯ ದೊಡ್ಡಮ್ಮನ ಮನೆ. ಮದುವೆ ಮುಗಿಸಿಕೊಂಡು ಎಲ್ಲರೂ ಅಲ್ಲಿಗೆ ಹೋದರು. ಪಾವಗಡದ ಬೇಸಗೆಯನ್ನು ಬಲ್ಲವರಿಗೆ ವರ್ಣನೆ ಬೇಕಿಲ್ಲ. ತಿಳಿಯದವರಿಗೆ ಇಷ್ಟು ಹೇಳಿದರೆ ಸಾಕು: ಈ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು ಹದಿಮೂರು ಸಾವಿರ ಎಕರೆಯಲ್ಲಿ, 2018ರಿಂದೀಚೆಗೆ, ಬಿಸಿಲನ್ನೇ ಬೆಳೆಯಾಗಿ ಕೊಯ್ಯುತ್ತಿದ್ದಾರೆ. ಮಳೆ ಕೈಕೊಟ್ಟ ನೆಲದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಉದ್ಯಾನ ಎದ್ದಿದೆ. ಅವರು ಹೋದ ಹಿಂದಿನ ಸಂಜೆ ಬಿರುಗಾಳಿಗೆ ಬೀದಿಯ ಕಂಬವೊಂದು ಉರುಳಿ, ಮನೆಯಲ್ಲಿ ಫ್ಯಾನು ತಿರುಗುತ್ತಿರಲಿಲ್ಲ. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ನೆಲವೇ ಕಾದ ಹೆಂಚಿನಂತಾಯಿತು.

ಸಣ್ಣಮ್ಮ ಕೋಣೆಯ ಮೂಲೆಯಲ್ಲಿ ಕಾಲು ಚಾಚಿ ಬಿದ್ದಿತ್ತು. ಬಾಯಿ ತೆರೆದಿತ್ತು. ನಾಯಿ ತೇಕುವುದು ಸಹಜ. ಬೆಕ್ಕು ಬಾಯಿ ತೆರೆದು ತೇಕಿತೆಂದರೆ ಅಪಾಯವೆಂದೇ ಅರ್ಥ. ಪಕ್ಕೆ ಎದ್ದು ಬೀಳುತ್ತಿತ್ತು. ಪ್ರತಿ ಉಸಿರಿಗೂ ಗಂಟಲಿನಲ್ಲಿ ಗರಗಸ ಎಳೆದಂಥ ಸದ್ದು. ಹುಡುಗಿ ಕರೆದಳು, ಕಣ್ಣು ತಿರುಗಲಿಲ್ಲ. ಅವಳು ಅದನ್ನು ಎದೆಗವಚಿಕೊಂಡು ಅಳತೊಡಗಿದಳು.

"ಅವಚಬ್ಯಾಡ ಮಗ, ಕೆಳಗಿಡು. ಮೈಬಿಸಿ ತಾಕುತೈತೆ" ಎಂದರು ಅಜ್ಜಿ. ಮಡಕೆಯ ನೀರಿನಲ್ಲಿ ಸೀರೆಯ ತುಂಡನ್ನು ನೆನೆಸಿ ಹಿಂಡಿ, ಅಂಗಾಲು, ಹೊಟ್ಟೆ, ಕಿವಿಗಳನ್ನು ಒರೆಸಿದರು. ದೊಡ್ಡಮ್ಮ ಮೊರದಿಂದ ಗಾಳಿ ಹಾಕಿದರು. ಮೇಷ್ಟರು ಆಟೋ ತರಿಸಿದರು. ಪಶುವೈದ್ಯರ ಬಳಿ ಮುಟ್ಟುವ ತನಕ ಅಜ್ಜಿ ಆ ಒದ್ದೆಬಟ್ಟೆಯನ್ನು ಬಿಡಲಿಲ್ಲ.

ವೈದ್ಯರು ಇನ್ನೂ ಎಳೆಯರು, ಮಾತು ಕಡಮೆ. ದನ, ಕುರಿಗಳ ನಡುವೆ ಆ ಬಿಳಿಯ ಬೆಕ್ಕನ್ನು ಮೇಜಿನ ಮೇಲೆ ಮಲಗಿಸಿಕೊಂಡು, ಹೊತ್ತು ಮುಳುಗುವ ತನಕ ನೋಡಿಕೊಂಡರು. ಉಸಿರು ಹದಕ್ಕೆ ಬಂತು. ಆಮೇಲೆ ಹುಡುಗಿಯನ್ನು ಕರೆದು, ಬೆರಳ ತುದಿಯಿಂದ ಅದರ ಮೂಗನ್ನು ತೋರಿಸಿದರು. ಹೊಳ್ಳೆಗಳು ಅಕ್ಕಿಯ ಕಾಳಿನಷ್ಟು ಸೀಳು. ಒಳಗೆ ಗಾಳಿ ಓಡಾಡಲು ಇರಬೇಕಾದ ದಾರಿ ಮುದುಡಿದೆ. ಕಣ್ಣಿನ ನೀರು ಮೂಗಿಗೆ ಇಳಿಯುವ ನಾಳ ಸೊಟ್ಟಗಾಗಿದೆ. ಅದಕ್ಕೇ ನೀರು ಕೆನ್ನೆಯ ಮೇಲೆ ಹರಿಯುವುದು. ಮೇಲೆ ಇಷ್ಟು ದಟ್ಟ ಕೂದಲು.

"ಇದಕ್ಕೆ ಔಷಧಿ?" ಎಂದಳು ಹುಡುಗಿ.

"ಕಣ್ಣು ಒರೆಸಬಹುದು, ಕೂದಲು ಕತ್ತರಿಸಬಹುದು, ತಂಪಿನಲ್ಲಿ ಇಡಬಹುದು. ಮೂಗು ಕೊಡುವುದಕ್ಕೆ ಆಗುವುದಿಲ್ಲಮ್ಮ" ಎಂದರು ವೈದ್ಯರು.

ಹುಡುಗಿ ಸ್ವಲ್ಪ ಹೊತ್ತು ತಡೆದು, ಮೊಬೈಲು ತೆಗೆದು, ಕಿವಿ ಮಡಿಚಿದ ಮರಿಯ ಚಿತ್ರವನ್ನು ಅವರ ಮುಂದೆ ಹಿಡಿದಳು. "ಇದು?"

ವೈದ್ಯರು ಚಿತ್ರವನ್ನು ನೋಡಿ, ಅವಳ ಮುಖವನ್ನೂ ನೋಡಿ, ಮೆಲ್ಲಗೆ ಹೇಳಿದರು. ಸ್ಕಾಟ್ಲೆಂಡಿನ ಒಂದು ಹೊಲಮನೆಯಲ್ಲಿ 1961ರಲ್ಲಿ ಕಿವಿ ಮಡಿಚಿದ ಒಂದು ಬಿಳಿಯ ಬೆಕ್ಕು ಕಂಡುಬಂತು. ಈ ಕುಲವೆಲ್ಲ ಅದರದು. ಕಿವಿಯನ್ನು ಮಡಿಚುವುದು ಮೆಲ್ಲೆಲುಬಿನ ಒಂದು ದೋಷ. ಮೆಲ್ಲೆಲುಬು ಕಿವಿಯಲ್ಲಿ ಮಾತ್ರ ಇರುವುದಿಲ್ಲ. ಕಾಲಿನಲ್ಲಿದೆ, ಬಾಲದಲ್ಲಿದೆ, ಪ್ರತಿಯೊಂದು ಕೀಲಿನಲ್ಲಿದೆ. ಮುಂದೆ ಕೀಲುಗಳು ಬಿಗಿಯುತ್ತವೆ; ಹಾರಲು ಹೋದರೆ ನೋವು. ಬ್ರಿಟನ್ನಿನ ಬೆಕ್ಕುಪ್ರಿಯರ ಸಂಘವೇ 1970ರ ದಶಕದಲ್ಲಿ ಈ ತಳಿಯ ನೋಂದಣಿಯನ್ನು ನಿಲ್ಲಿಸಿತು. ನೆದರ್ಲೆಂಡ್ಸ್ ದೇಶವು ಅದರ ಸಂತಾನ ಬೆಳೆಸುವುದನ್ನೇ ಕಾನೂನಿನಿಂದ ತಡೆದಿದೆ. "ಅದು ಒಂದೇ ಕಡೆ ಸುಮ್ಮನೆ ಕೂತಿರುತ್ತೆ, ಜನ ಎಷ್ಟು ಸಾಧು ಅಂತಾರೆ" ಎಂದು ವೈದ್ಯರು ಮಾತು ಮುಗಿಸಿದರು.

ಹಿಂದಿರುಗುವಾಗ ಆಟೋದಲ್ಲಿ ಯಾರೂ ಮಾತನಾಡಲಿಲ್ಲ. ಅಜ್ಜಿಯ ಮಡಿಲಲ್ಲಿ ಸಣ್ಣಮ್ಮ ಗೊರಗೊರ ಉಸಿರಾಡುತ್ತಿತ್ತು. ಆ ಸದ್ದು ಹುಡುಗಿಯ ಕಿವಿಗೆ ಮುದ್ದಾಗಿ ಕೇಳಿಸಲಿಲ್ಲ.

ಮಧುಗಿರಿಗೆ ಬಂದ ಮರುದಿನ ಅವಳು ಜಗುಲಿಯ ಮೆಟ್ಟಿಲ ಮೇಲೆ ಕುಳಿತು, ಅದುವರೆಗೆ ನೋಡದ ಕೊತ್ತಿಯನ್ನು ನೋಡಿದಳು. ಅದು ಎಂದಿನಂತೆ ಎಳೆಬಿಸಿಲಿನಲ್ಲಿ ಮೈ ನೆಕ್ಕಿಕೊಳ್ಳುತ್ತಿತ್ತು. ಸಂಸ್ಕೃತದ ಮಾರ್ಜಾರ, ಮಾರ್ಜಾಲ ಎಂಬ ಹೆಸರುಗಳು ಹುಟ್ಟಿದ್ದು 'ಒರೆಸು, ಶುದ್ಧಿಮಾಡು' ಎಂಬ ಅರ್ಥದ ಧಾತುವಿನಿಂದ ಎಂದು ಮೇಷ್ಟರು ಹೇಳಿದರು. ಹೆಸರಿಟ್ಟವರು ಬೆಕ್ಕನ್ನು ಸರಿಯಾಗಿಯೇ ನೋಡಿದ್ದರು. ಅದರ ನಾಲಗೆಯ ಮೇಲಿನ ಮುಳ್ಳುಗಳ ತುದಿ ದೋಣಿಯಂತೆ ತೋಡಾಗಿದ್ದು, ಜೊಲ್ಲನ್ನು ತುಂಬಿಕೊಂಡು ಕೂದಲಿನ ಬುಡದವರೆಗೆ ಒಯ್ದು ಚರ್ಮವನ್ನು ತಂಪುಗೊಳಿಸುತ್ತವೆಂದು 2018ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಬೇರೆ ಬೇರೆ ತಳಿಗಳನ್ನು ಅಳೆದು ನೋಡಿದಾಗ, ಆ ಮುಳ್ಳು ಬುಡ ಮುಟ್ಟಲಾರದಂಥ ದಟ್ಟ ಕೂದಲು ಸಾಕಿದ ಪರ್ಷಿಯನ್ ಬೆಕ್ಕಿನದು. ತನ್ನನ್ನು ತಾನು ತೊಳೆದುಕೊಳ್ಳುವುದರಿಂದಲೇ ಹೆಸರು ಪಡೆದ ಪ್ರಾಣಿಗೆ ತನ್ನ ಮೈಯನ್ನು ತಾನು ತೊಳೆದುಕೊಳ್ಳಲಾಗದು. ಬಾಚಣಿಗೆ ಹಿಡಿದ ಮನುಷ್ಯ ಬೇಕು.

ನೆಕ್ಕುವುದು ಮುಗಿದ ಮೇಲೆ ಕೊತ್ತಿ ಎದ್ದು ಮೈ ಮುರಿಯಿತು. ಮುಂಗಾಲು ಚಾಚಿ, ಬೆನ್ನನ್ನು ಬಿಲ್ಲಾಗಿಸಿ, ಕೊನೆಗೆ ಹಿಂಗಾಲೊಂದನ್ನು ನಡುಗಿಸಿತು. ಕಾಂಪೌಂಡ್ ಗೋಡೆಯ ಅಂಚಿನ ಮೇಲೆ ನಡೆಯತೊಡಗಿತು. ಮುಂಗಾಲು ಊರಿದ ಜಾಗದಲ್ಲೇ ಹಿಂಗಾಲು, ಆದ್ದರಿಂದ ಸದ್ದಿಲ್ಲ. ಗೋಡೆಯ ತುದಿಯಲ್ಲಿ ಒಂದು ಗಳಿಗೆ ನಿಂತು, ತನ್ನ ಎತ್ತರದ ಐದರಷ್ಟು ಮೇಲಿದ್ದ ಹೆಂಚಿನ ಅಂಚಿಗೆ, ಯಾವ ಆತುರವೂ ಇಲ್ಲದೆ ಹಾರಿ ನಿಂತಿತು. ಕಣ್ಣಿನ ಪಾಪೆ ಬಿಸಿಲಿಗೆ ಕಿರಿದಾಗಿ ನೇರ ಗೆರೆಯಾಯಿತು. ಕೊರಟಗೆರೆಯ ಬೆಟ್ಟಗಳಲ್ಲಿ ಸುಳಿಯುವ ಚಿರತೆ ಇದರ ಹಿರಿಯ ದಾಯಾದಿ. ಆದರೆ ಚಿರತೆಯ ಪಾಪೆ ದುಂಡಗೆ. ನೆಲಕ್ಕೆ ಸಮೀಪವಾಗಿ ಹೊಂಚುವ ಸಣ್ಣ ಬೇಟೆಗಾರರಿಗೆ, ದೂರವನ್ನು ತಪ್ಪದೆ ಅಳೆಯಲು, ಈ ನಿಲುಗೆರೆಯ ಕಣ್ಣು ಒದಗಿಬಂದಿದೆಯೆಂದು 2015ರ ಅಧ್ಯಯನವೊಂದು ಹೇಳುತ್ತದೆ. ಮೂಗು, ಕಿವಿ, ಕಣ್ಣು, ಕೂದಲು, ಒಂದೊಂದೂ ಒಂದೊಂದು ಕೆಲಸಕ್ಕೆಂದು ತಿದ್ದಿಕೊಂಡು ಬಂದಿವೆ. ಎಲ್ಲ ಕೂಡಿದಾಗ ಚೆಲುವೆನ್ನುತ್ತೇವೆ.

"ತಾತ, ಮೂರು ಬಣ್ಣದ ಬೆಕ್ಕು ಯಾವಾಗಲೂ ಹೆಣ್ಣೇ ಇರುತ್ತೆ, ಗೊತ್ತಾ?" ಎಂದಳು ಹುಡುಗಿ ಇದ್ದಕ್ಕಿದ್ದಂತೆ. ಹೆಚ್ಚುಕಡಮೆ ಯಾವಾಗಲೂ ಎಂದಿದ್ದರೆ ಇನ್ನೂ ಸರಿಯಾಗುತ್ತಿತ್ತು. ಕೆಂಚುಬಣ್ಣದ ಗುಣಾಣು ಎಕ್ಸ್ ವರ್ಣತಂತುವಿನಲ್ಲಿದೆ. ಹೆಣ್ಣಿಗೆ ಅಂಥವು ಎರಡು. ಮರಿ ಗರ್ಭದಲ್ಲಿರುವಾಗಲೇ ಒಂದೊಂದು ಜೀವಕೋಶದಲ್ಲೂ ಎರಡರಲ್ಲಿ ಯಾವುದೋ ಒಂದು ಮಲಗಿಬಿಡುತ್ತದೆ. ಎದ್ದಿರುವುದು ಯಾವುದೋ ಅದರಂತೆ ಮೈಯ ಆ ಭಾಗ ಕೆಂಚಾಗುತ್ತದೆ ಇಲ್ಲವೆ ಕಪ್ಪಾಗುತ್ತದೆ. ಆ ಗುಣಾಣು ಯಾವುದೆಂಬುದನ್ನು 2025ರಲ್ಲಿ ಜಪಾನಿನ ಮತ್ತು ಅಮೆರಿಕದ ವಿಜ್ಞಾನಿಗಳು ಬೇರೆಬೇರೆಯಾಗಿ ಪತ್ತೆಮಾಡಿ ಪ್ರಕಟಿಸಿದರು. ಯಾವ ಮಚ್ಚೆ ಎಲ್ಲಿ ಬೀಳಬೇಕೆಂಬುದನ್ನು ಮಾತ್ರ ಯಾರೂ ಗೊತ್ತುಮಾಡಲಾರರು. ಅಮೆರಿಕದ ಟೆಕ್ಸಾಸಿನಲ್ಲಿ 2001ರ ಡಿಸೆಂಬರಿನಲ್ಲಿ ಇಂಥ ಒಂದು ಮೂರುಬಣ್ಣದ ಬೆಕ್ಕಿನ ಜೀವಕೋಶದಿಂದ ಅದರ ಪಡಿಯಚ್ಚನ್ನೇ ಹುಟ್ಟಿಸಿದರು. ಜಗತ್ತಿನ ಮೊದಲ ತದ್ರೂಪಿ ಬೆಕ್ಕು ಅದು. ಹುಟ್ಟಿದ ಮರಿಯ ಮೈಮೇಲೆ ಕೆಂಚುಬಣ್ಣವೇ ಇರಲಿಲ್ಲ.

"ಅಂದರೆ ಈ ಕೊತ್ತಿಯಂಥದು ಇನ್ನೊಂದು ಬೇಕೆಂದರೆ?" ಎಂದರು ಮೇಷ್ಟರು.

"ಎಷ್ಟು ದುಡ್ಡು ಕೊಟ್ಟರೂ ಸಿಗಲ್ಲ ತಾತ."

ಮಧ್ಯಾಹ್ನ ಹುಡುಗಿ ತಂದೆಗೆ ಫೋನು ಮಾಡಿ, ಕಿವಿ ಮಡಿಚಿದ ಮರಿ ಬೇಡವೆಂದಳು. ಮುಂಗಡ ಹಿಂದಕ್ಕೆ ಬರುವುದಿಲ್ಲವೆಂದು ಅವರು ಬೇಸರಪಟ್ಟರು. ಅವಳು ಸುಮ್ಮನೆ ಕೇಳಿಸಿಕೊಂಡಳು. ತಾನು ತಾರದಿದ್ದರೆ ಅದನ್ನು ಇನ್ನೊಬ್ಬರು ತರುತ್ತಾರೆಂದು ಅವಳಿಗೂ ಗೊತ್ತಿತ್ತು. ಆದರೆ ತನಗಾಗಿ ಅಂಥದೊಂದು ಹುಟ್ಟುವುದು ಬೇಡವೆಂದಷ್ಟೇ ಅವಳ ಹಟ.

ಸಣ್ಣಮ್ಮನ ಮೇಲಿನ ಪ್ರೀತಿ ಕಡಮೆಯಾಯಿತೇ ಎಂದು ಯಾರಾದರೂ ಕೇಳಿದರೆ, ಇಲ್ಲವೆಂದೇ ಹೇಳಬೇಕು. ಅದರ ಕೂದಲನ್ನು ಗಿಡ್ಡಗೆ ಕತ್ತರಿಸಿದ್ದಾಯಿತು. ಬೀದಿಯವರು ಬಂದು "ಅಯ್ಯೋ, ಎಂಥ ಕೂದಲು ಹಾಳು ಮಾಡಿದಿರಿ" ಎಂದು ಮರುಗಿದರು. ಕತ್ತರಿಸಿದ ಮೇಲೆ ದಿಂಬಿನೊಳಗಿಂದ ಒಂದು ಬೆಕ್ಕು ಹೊರಬಂತು. ಸಣ್ಣ ಮೈಯ, ಗಿಡ್ಡ ಕಾಲಿನ, ತುಸು ನಾಚಿದಂಥ ಬೆಕ್ಕು. ದಿನಕ್ಕೆರಡು ಸಲ, ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಹುಡುಗಿ ಅದರ ಕಣ್ಣೊರೆಸುತ್ತಾಳೆ. ಹಿಂದೆ ಅವಳು ಅದರ ಮುಖವನ್ನು ನೋಡುತ್ತಿದ್ದುದು ಚಿತ್ರ ತೆಗೆಯುವುದಕ್ಕಾಗಿ. ಈಗ ನೋಡುವುದು ಉಸಿರು ಹೇಗಿದೆಯೆಂದು ತಿಳಿಯುವುದಕ್ಕಾಗಿ.

ರಜೆಯ ಕೊನೆಯ ಬೆಳಗ್ಗೆ ಸಣ್ಣಮ್ಮ ತಾನಾಗಿ ಹೊಸ್ತಿಲು ದಾಟಿ ಜಗುಲಿಗೆ ಬಂತು. ಎಳೆಬಿಸಿಲಿನ ಜಾಗದಲ್ಲಿ ಕೊತ್ತಿ ಕುಳಿತಿತ್ತು. ಎರಡೂ ಒಂದನ್ನೊಂದು ನೋಡಿಕೊಂಡವು. ಕುರ್ಚಿಯಲ್ಲಿದ್ದ ಮೇಷ್ಟರು ಪತ್ರಿಕೆ ಮಡಿಚಿ, ಜಗಳ ಬಿಡಿಸಲು ಸಿದ್ಧರಾದರು. ಜಗಳವಾಗಲಿಲ್ಲ. ಕೊತ್ತಿ ಎದ್ದು ಬಂದು, ಆ ಚಪ್ಪಟೆ ಮುಖವನ್ನು ಒಂದು ಸಲ ಮೂಸಿ, ಕಣ್ಣಿನ ಕೆಳಗಿನ ಒದ್ದೆಗೆರೆಯನ್ನು ನಾಲಗೆಯಿಂದ ಎರಡು ಸಲ ಒರೆಸಿತು. ಅನಂತರ ತನ್ನ ಜಾಗಕ್ಕೆ ಹಿಂದಿರುಗಿ, ಅರ್ಧವನ್ನು ಬಿಟ್ಟುಕೊಟ್ಟು ಮಲಗಿತು.

"ನೋಡಿದಿರೇನ್ರೀ, ಆಗ್ಲೇ ಬಿಸಿಲು ಏರ್ತಾ ಐತೆ. ಆ ಕುರ್ಚಿ ಇನ್ನೊಂದು ಚೂರು ಈಚೆಗೆ ಎಳ್ಕೊಳಿ, ಸಣ್ಣಮ್ಮಂಗೆ ನೆರಳು ಬೀಳಲಿ" ಎಂದರು ಅಜ್ಜಿ.

ಮೇಷ್ಟರು ಎಳೆದುಕೊಂಡರು.